ಮಲ್ಲಿಗೆಯ ಸೀಮೆಯಲ್ಲಿ ಚಿನ್ನದ ಬೇಟೆ

ಹೂವಿನಹಡಗಲಿ ಎಂದೊಡನೆ ನೆನಪಾಗುವುದು ಮಲ್ಲಿಗೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹಂಪಿಯ ದೇಗುಲಗಳಿಗೆ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂ ಸಾಗುತ್ತಿತ್ತು, ಅದರಿಂದಲೇ ಊರಿಗೆ ಈ ಹೆಸರು ಬಂತು ಎಂಬುದು ಜನಜನಿತವಾದ ಐತಿಹ್ಯ. ಇಲ್ಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಈ ಸೀಮೆಯ ನೆಲಕ್ಕೆ ಇನ್ನೊಂದು ಖ್ಯಾತಿಯೂ ಅಂಟಿಕೊಂಡಿದೆ. ನೆಲದಡಿಯಲ್ಲಿ ಹೊನ್ನಿದೆ ಎಂಬುದೇ ಆ ಖ್ಯಾತಿ. ಒಂದು ಕಡೆ ಅದು ಪ್ರಕೃತಿ ಇಟ್ಟ ಹೊನ್ನು, ಇನ್ನೊಂದು ಕಡೆ ಅರಸರು ಬಚ್ಚಿಟ್ಟರೆನ್ನಲಾದ ಹೊನ್ನು. ಈ ಎರಡೂ ನಂಬಿಕೆಗಳನ್ನು ಒಂದೇ ಸರಕಿನಲ್ಲಿ ಬೆರೆಸಿ ಮಾರಲು ಈಗ ಒಂದು ಯಂತ್ರ ಬಂದಿದೆ. ಅದೇ ಲೋಹಶೋಧಕ, ಜನರ ಬಾಯಲ್ಲಿ ಮೆಟಲ್ ಡಿಟೆಕ್ಟರ್.

2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಲಕ್ಷ ರೂಪಾಯಿಯ ಗಡಿ ದಾಟಿತು. ಮಗಳ ಮದುವೆಗೆ ಒಂದು ತೊಲ ಚಿನ್ನ ಕೊಳ್ಳಲಾಗದವನಿಗೆ, ಹೊಲದ ಬದುವಿನಲ್ಲಿಯೇ ಚಿನ್ನದ ಉಂಡೆ ಸಿಕ್ಕೀತೆಂಬ ಮಾತು ಎಷ್ಟು ರುಚಿಸಬಹುದೆಂದು ಊಹಿಸುವುದು ಕಷ್ಟವಲ್ಲ. ಆಸ್ಟ್ರೇಲಿಯದ ಕೆಂಪು ನೆಲದಲ್ಲಿ ಯಾರೋ ಯಂತ್ರ ಆಡಿಸಿ ಉಂಡೆ ಹೆಕ್ಕುವ ದೃಶ್ಯ ಮೊಬೈಲಿನಲ್ಲಿ ಓಡುತ್ತದೆ. ನಮ್ಮ ನೆಲವೂ ಕೆಂಪೇ, ನಮ್ಮ ಗುಡ್ಡದಲ್ಲೂ ಚಿನ್ನವಿದೆಯೆಂದು ಕೇಳಿದ್ದೇವೆ, ಹಾಗಾದರೆ ಇಲ್ಲೇಕೆ ಸಿಗಬಾರದು? ಪ್ರಶ್ನೆ ನ್ಯಾಯವಾದುದೇ. ಆದ್ದರಿಂದ ಅದನ್ನು ಮೂಢತನವೆಂದು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಬೇಕು. ಇಲ್ಲಿಯ ನೆಲ, ಆ ಯಂತ್ರ ಮತ್ತು ಅದನ್ನು ಮಾರುವವನ ಮಾತು, ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಮೊದಲು ನೆಲ. ಇಲ್ಲಿ ಚಿನ್ನವಿರುವುದು ಕಟ್ಟುಕತೆಯಲ್ಲ. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿ ಮುಂಡರಗಿಯ ದಾರಿ ಹಿಡಿದರೆ ಕಪ್ಪತಗುಡ್ಡದ ಸಾಲು ಎದುರಾಗುತ್ತದೆ. ಬ್ರಿಟಿಷರ ದಾಖಲೆಗಳಲ್ಲಿ ಡಂಬಳದ ಬೆಟ್ಟಗಳೆಂದು ಹೆಸರಾದ ಈ ಸಾಲನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅಳೆದು, ಅಲ್ಲಿಯ ಚಿನ್ನದ ಶಿಲೆಗಳ ಬಗ್ಗೆ 1874ರಲ್ಲಿಯೇ ಪ್ರಬಂಧ ಪ್ರಕಟಿಸಿದರು. ಮುಂದೆ ಧಾರವಾಡ ಶಿಲಾವರ್ಗಕ್ಕೆ ಆ ಹೆಸರನ್ನು ಕೊಟ್ಟವರೂ, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ಬೃಹತ್ ವರದಿ ಬರೆದವರೂ ಇವರೇ. ಗದಗಿನಿಂದ ಕಪ್ಪತಗುಡ್ಡದ ಮೂಲಕ ನದಿಯನ್ನು ದಾಟಿ, ಚಿತ್ರದುರ್ಗವನ್ನು ಹಾಯ್ದು ದಕ್ಷಿಣಕ್ಕೆ ಇಳಿಯುವ ಶಿಲಾಪಟ್ಟಿಗೆ ಅವರು ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿ ಎಂದು ಹೆಸರಿಟ್ಟಿದ್ದರು. ಹಡಗಲಿ ಮತ್ತು ಹರಪನಹಳ್ಳಿ ಸೀಮೆಯ ಪಶ್ಚಿಮದ ಅಂಚು ಈ ಪಟ್ಟಿಗೆ ತಾಗಿಕೊಂಡಿದೆ.

ಫೂಟ್ ಬರುವುದಕ್ಕೆ ಎಷ್ಟೋ ಮೊದಲೇ ಈ ಚಿನ್ನವನ್ನು ಬಲ್ಲವರಿದ್ದರು. ಅವರೇ ಜಲಗಾರರು. ಮಳೆಗಾಲ ಮುಗಿದು ಹಳ್ಳಗಳಲ್ಲಿ ನೀರು ತಿಳಿಯಾದಾಗ ಮರಳನ್ನು ಮರದ ತಟ್ಟೆಯಲ್ಲಿ ತುಂಬಿ, ನೀರಿನಲ್ಲಿ ತಿರುಗಿಸಿ ತಿರುಗಿಸಿ ಹಗುರ ಮಣ್ಣನ್ನು ತೇಲಿಬಿಟ್ಟು, ಕೊನೆಗೆ ತಳದಲ್ಲಿ ಉಳಿಯುವ ಕಪ್ಪು ಕಬ್ಬಿಣಮರಳಿನ ನಡುವೆ ಮಿನುಗುವ ಹುಡಿಯನ್ನು ಹೆಕ್ಕುವುದು ಅವರ ಕಸುಬು. ಅಕ್ಕಸಾಲೆಯ ಅಂಗಡಿಯ ಮುಂದಿನ ಚರಂಡಿಯ ಕೆಸರನ್ನು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದವರೂ ಇವರೇ. ಅದೇ ಪದ ಬೀದಿ ಗುಡಿಸುವವನಿಗೂ ಸಂದಿತು. ಡೋಣಿ, ಸೊರಟೂರು ಭಾಗದ ಹಳ್ಳಗಳಲ್ಲಿ ಫೂಟ್ ಅಂಥ ಜಲಗಾರರ ಕೈಯಿಂದಲೇ ಮರಳು ತೊಳೆಸಿ ನೋಡಿದರು. ಚಿನ್ನವೇನೋ ಸಿಕ್ಕಿತು, ಆದರೆ ಅತ್ಯಲ್ಪ. ಜಲಗಾರರು ತಲೆತಲಾಂತರದಿಂದ ಕಸುಬು ಮಾಡಿಯೂ ಬಡವರಾಗಿಯೇ ಉಳಿದರು ಎಂಬುದೇ ಈ ನೆಲದ ಚಿನ್ನದ ಸ್ವಭಾವವನ್ನು ಹೇಳುತ್ತದೆ.

ಆ ಸ್ವಭಾವವನ್ನು ಅಂಕಿಗಳಲ್ಲಿ ನೋಡಬಹುದು. ಧಾರವಾಡ ಶಿಲೆಗಳಲ್ಲಿ ಚಿನ್ನವು ಬೆಣಚುಕಲ್ಲಿನ ಎಳೆಗಳಲ್ಲಿ, ಗಂಧಕಯುಕ್ತ ಅದಿರುಗಳ ಜೊತೆಯಲ್ಲಿ, ಬಹುಮಟ್ಟಿಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿರುತ್ತದೆ. ಟನ್ ಕಲ್ಲಿಗೆ ಐದು ಗ್ರಾಂ ಚಿನ್ನವಿದ್ದರೆ ಅದನ್ನು ಒಳ್ಳೆಯ ಅದಿರೆಂದೇ ಎಣಿಸುತ್ತಾರೆ. ಒಂದು ಟನ್ ಬೆಣಚುಕಲ್ಲೆಂದರೆ ಸರಿಸುಮಾರು ಎರಡೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಬಂಡೆ. ಅದರೊಳಗಿನ ಐದು ಗ್ರಾಂ ಚಿನ್ನವನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಬಟಾಣಿ ಕಾಳಿನಷ್ಟಾದೀತು. ಆ ಕಾಳನ್ನು ಹಿಟ್ಟಿಗಿಂತ ನುಣುಪಾಗಿ ಅರೆದು ಇಡೀ ಬಂಡೆಯಲ್ಲಿ ಚಿಮುಕಿಸಿದಂತೆ ಚಿನ್ನ ಅಲ್ಲಿ ಕುಳಿತಿದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಆಳದ ಸುರಂಗಗಳಿಂದ ಬಂಡೆಯನ್ನು ಮೇಲೆತ್ತಿ, ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಕರಗಿಸಿ ಚಿನ್ನ ತೆಗೆಯುವುದು ಈ ಕಾರಣಕ್ಕಾಗಿಯೇ. ಕಪ್ಪತಗುಡ್ಡದ ಕಬಲಾಯತಕಟ್ಟಿ, ಹೊಸೂರುಗಳಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಗಣಿ ತೋಡಿ, ನಿರೀಕ್ಷಿಸಿದ ಫಲ ಸಿಗದೆ ಕೈಚೆಲ್ಲಿದವು.

ಇನ್ನು ಯಂತ್ರ. ಲೋಹಶೋಧಕದಲ್ಲಿ ಮಾಯೆಯೇನೂ ಇಲ್ಲ. ಅದರ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿಯಿದೆ. ಅದರಲ್ಲಿ ವಿದ್ಯುತ್ತು ಹಿಂದೆಮುಂದೆ ಹರಿದಾಗ ನೆಲದೊಳಕ್ಕೆ ಬದಲಾಗುವ ಕಾಂತಕ್ಷೇತ್ರ ಇಳಿಯುತ್ತದೆ. ದಾರಿಯಲ್ಲಿ ಲೋಹದ ತುಂಡು ಸಿಕ್ಕರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟುತ್ತದೆ. ಆ ಸುಳಿಯು ತನ್ನದೇ ಒಂದು ಕ್ಷೀಣ ಕಾಂತಕ್ಷೇತ್ರವನ್ನು ಮರಳಿಸುತ್ತದೆ. ಅದನ್ನು ಇನ್ನೊಂದು ಸುರುಳಿ ಹಿಡಿದು ಶಬ್ದವಾಗಿಸುತ್ತದೆ. ಒಂದು ಬಗೆಯ ಯಂತ್ರ ಎಡೆಬಿಡದೆ ಕಂಪಿಸುವ ಕ್ಷೇತ್ರವನ್ನು ಕಳಿಸುತ್ತದೆ. ಇನ್ನೊಂದು ಬಗೆಯದು ಚಿಕ್ಕ ಚಿಕ್ಕ ಮಿಡಿತಗಳನ್ನು ಕಳಿಸಿ, ಪ್ರತಿ ಮಿಡಿತ ನಿಂತ ಮರುಕ್ಷಣದಲ್ಲಿ ನೆಲ ಏನು ಹೇಳುತ್ತದೆಂದು ಆಲಿಸುತ್ತದೆ. ಖನಿಜ ತುಂಬಿದ ನೆಲದಲ್ಲಿ ಎರಡನೆಯ ಬಗೆ ಹೆಚ್ಚು ಉಪಯುಕ್ತ, ಬೆಲೆಯೂ ಹೆಚ್ಚು.

ದೂರವಾಣಿಗೆ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇಂಥದೊಂದು ಸಾಧನವನ್ನು ಅವಸರದಲ್ಲಿ ಕಟ್ಟಿದರು. ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ದೇಹದೊಳಗೆ ಗುಂಡು ಎಲ್ಲಿದೆಯೆಂದು ಹುಡುಕುವುದು ಅದರ ಉದ್ದೇಶ. ಪ್ರಯೋಗಶಾಲೆಯಲ್ಲಿ ಸರಿಯಾಗಿಯೇ ಕೆಲಸ ಮಾಡಿದ ಸಾಧನ ರೋಗಿಯ ಮಂಚದ ಬಳಿ ಸೋತಿತು. ಹಾಸಿಗೆಯೊಳಗೆ ಲೋಹದ ಸ್ಪ್ರಿಂಗುಗಳಿದ್ದುದು ಅದನ್ನು ದಾರಿ ತಪ್ಪಿಸಿತು ಎನ್ನುತ್ತಾರೆ. ಪ್ರಯೋಗಶಾಲೆ ಬೇರೆ, ನಿಜವಾದ ನೆಲೆ ಬೇರೆ ಎಂಬುದಕ್ಕೆ ಲೋಹಶೋಧಕದ ಚರಿತ್ರೆಯ ಮೊದಲ ಪುಟವೇ ಸಾಕ್ಷಿ. ಹಡಗಲಿಯ ನೆಲದಲ್ಲಿ ಯಂತ್ರ ಹಿಡಿದು ಹೊರಡುವವನು ಮರೆಯಬಾರದ ಪಾಠವೂ ಇದೇ.

ಏಕೆಂದರೆ ಇಲ್ಲಿಯ ನೆಲವೇ ಕಬ್ಬಿಣದ ಹಾಸಿಗೆ. ಪೂರ್ವಕ್ಕೆ ಸಂಡೂರಿನ ಅದಿರು ಬೆಟ್ಟಗಳು, ಪಶ್ಚಿಮಕ್ಕೆ ಕಪ್ಪತಗುಡ್ಡದ ಕಬ್ಬಿಣಯುಕ್ತ ಪಟ್ಟೆಶಿಲೆಗಳು. ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದು. ಜಲಗಾರನ ತಟ್ಟೆಯ ತಳದಲ್ಲಿ ಉಳಿಯುತ್ತಿದ್ದ ಕಪ್ಪು ಮರಳು ಮುಖ್ಯವಾಗಿ ಕಾಂತಗುಣವುಳ್ಳ ಅದಿರು. ಇಂಥ ನೆಲವು ತಾನೇ ಯಂತ್ರಕ್ಕೆ ಉತ್ತರ ಕೊಡಲು ತೊಡಗುತ್ತದೆ. ಯಂತ್ರವನ್ನು ನೆಲಕ್ಕೆ ಹೊಂದಿಸಿಕೊಳ್ಳುವ ಗುಂಡಿ ಇರುತ್ತದೆ, ನಿಜ. ಆದರೆ ಹತ್ತು ಹೆಜ್ಜೆಗೊಮ್ಮೆ ನೆಲದ ಗುಣ ಬದಲಾದರೆ ಪ್ರತಿ ಬಾರಿಯೂ ಹೊಂದಿಸಬೇಕು. ಸುತ್ತಲಿನ ನೆಲಕ್ಕಿಂತ ಭಿನ್ನ ಗುಣದ ಒಂದು ಕಲ್ಲುಗುಂಡು ಅಡ್ಡ ಬಂದರೂ ಚಿನ್ನ ಸಿಕ್ಕಿತೆಂಬಂತೆ ಅದು ಕೂಗುತ್ತದೆ. ಅನುಭವಿಗಳು ಕೂಡ ಇಂಥ ಕಲ್ಲುಗಳನ್ನು ಅಗೆದಗೆದು ಬೇಸರಗೊಳ್ಳುತ್ತಾರೆ.

ಆಳದ ಮಾತು ಇನ್ನೊಂದು. ಸಣ್ಣ ತುಂಡಿನಿಂದ ಮರಳುವ ಸಂಕೇತ, ಅದು ಸುರುಳಿಯ ಅಳತೆಗಿಂತ ಹೆಚ್ಚು ದೂರವಾದಂತೆ ಅತಿ ವೇಗವಾಗಿ ಕುಸಿಯುತ್ತದೆ. ದೂರ ಎರಡರಷ್ಟಾದರೆ ಸಂಕೇತ ಅರುವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಹೀಗಾಗಿ ಒಳ್ಳೆಯ ಯಂತ್ರವೂ ಬೇಳೆಕಾಳಿನಷ್ಟು ಚಿನ್ನವನ್ನು ಕೆಲವು ಅಂಗುಲ ಆಳದವರೆಗೆ ಮಾತ್ರ ಕೇಳಿಸೀತು. ಮುಷ್ಟಿಯಷ್ಟು ದೊಡ್ಡದಾದರೆ ಅಡಿಗಳ ಲೆಕ್ಕ ಬಂದೀತು. ಬಂಡೆಯಲ್ಲಿ ಚದುರಿದ ಹುಡಿಯನ್ನು, ಅದು ಕಾಲಕೆಳಗೇ ಇದ್ದರೂ, ಅದು ಕೇಳಿಸದು. ಪ್ರತಿ ಕಣದಲ್ಲಿಯೂ ಹುಟ್ಟುವ ಸುಳಿ ಅಷ್ಟು ಸೂಕ್ಷ್ಮ. ಅಂದರೆ ಈ ಯಂತ್ರವು ಯಾವ ಬಗೆಯ ಚಿನ್ನವನ್ನು ಹುಡುಕಬಲ್ಲದೋ ಆ ಬಗೆ ಇಲ್ಲಿ ವಿರಳ. ಇಲ್ಲಿ ಯಾವ ಬಗೆಯ ಚಿನ್ನವಿದೆಯೋ ಅದನ್ನು ಹುಡುಕಲು ಈ ಯಂತ್ರಕ್ಕೆ ಬಾರದು.

ಹಾಗಾದರೆ ಆಸ್ಟ್ರೇಲಿಯದ ಉಂಡೆಗಳು? ಅವೂ ನಿಜವೇ. 1980ರಲ್ಲಿ ವಿಕ್ಟೋರಿಯ ರಾಜ್ಯದ ಕಿಂಗೋವರ್ ಬಳಿ ಕೆವಿನ್ ಹಿಲಿಯರ್ ಎಂಬಾತ ಲೋಹಶೋಧಕ ಹಿಡಿದು ನಡೆಯುತ್ತಿದ್ದಾಗ ಸುಮಾರು ಒಂದು ಅಡಿ ಆಳದಲ್ಲಿ 27 ಕಿಲೋಗ್ರಾಂ ತೂಕದ ಚಿನ್ನದ ಉಂಡೆ ಸಿಕ್ಕಿತು. 'ಹ್ಯಾಂಡ್ ಆಫ್ ಫೇತ್' ಎಂದು ಹೆಸರಾದ ಅದನ್ನು ಲಾಸ್ ವೇಗಸ್ಸಿನ ಒಂದು ಜೂಜುಕೇಂದ್ರ ಸುಮಾರು ಹತ್ತು ಲಕ್ಷ ಡಾಲರಿಗೆ ಕೊಂಡಿತು. ಆದರೆ ಆ ಸೀಮೆಯ ಬೆಣಚು ಎಳೆಗಳಲ್ಲಿ ಚಿನ್ನ ಮೊದಲಿಗೇ ದಪ್ಪ ತುಂಡುಗಳಾಗಿ ಕೂಡಿಕೊಂಡಿತ್ತು. ಬಂಡೆ ಸವೆದು ಮಣ್ಣಾದಾಗ ಆ ತುಂಡುಗಳು ಮೇಲ್ಪದರದಲ್ಲಿಯೇ ಉಳಿದವು. ಅಲ್ಲಿಯ ಕಾನೂನೂ ಬೇರೆ. ವಿಕ್ಟೋರಿಯದಲ್ಲಿ ಅಲ್ಪ ಶುಲ್ಕ ಕಟ್ಟಿ 'ಮೈನರ್ಸ್ ರೈಟ್' ಎಂಬ ಅನುಮತಿಪತ್ರ ಪಡೆದ ಸಾಮಾನ್ಯನೂ ನಿಯಮಕ್ಕೆ ಒಳಪಟ್ಟು ಚಿನ್ನ ಹುಡುಕಬಹುದು. ಅಲ್ಲಿಯ ದೃಶ್ಯವನ್ನು ತೋರಿಸಿ ಇಲ್ಲಿ ಯಂತ್ರ ಮಾರುವವನು ನೆಲದ ಭೇದವನ್ನೂ ಹೇಳುವುದಿಲ್ಲ, ಕಾನೂನಿನ ಭೇದವನ್ನೂ ಹೇಳುವುದಿಲ್ಲ.

ನಂಬದವರು ಸ್ವತಃ ಪರೀಕ್ಷಿಸಬಹುದು. ಅದಕ್ಕೆ ಗುಡ್ಡಕ್ಕೆ ಹೋಗಬೇಕಾಗಿಲ್ಲ, ಸ್ವಂತ ಹೊಲ ಸಾಕು, ಚಿನ್ನವೂ ಬೇಡ. ಸಣ್ಣ ಸೀಸದ ಗುಂಡುಗಳು ಯಂತ್ರಕ್ಕೆ ಹೆಚ್ಚುಕಡಿಮೆ ಚಿನ್ನದಂತೆಯೇ ಕೇಳಿಸುವುದರಿಂದ ಅನುಭವಿಗಳು ಅವನ್ನೇ ಬಳಸುತ್ತಾರೆ. ಹತ್ತು ಕುಳಿ ತೋಡಿ ಅಂಕಿ ಹಾಕಬೇಕು. ಐದರಲ್ಲಿ ಬೇರೆ ಬೇರೆ ಆಳಕ್ಕೆ ಗುಂಡು ಹುಗಿಯಬೇಕು, ಇನ್ನೈದನ್ನು ಬರಿದೇ ಮುಚ್ಚಬೇಕು. ಯಾವುದರಲ್ಲಿ ಏನಿದೆಯೆಂಬುದು ಹುಗಿದವನಿಗೆ ಮಾತ್ರ ತಿಳಿದಿರಬೇಕು, ಅವನು ಪರೀಕ್ಷೆಯ ವೇಳೆ ಅಲ್ಲಿ ನಿಂತಿರಲೂಬಾರದು. ಆಮೇಲೆ ಯಂತ್ರ ಹಿಡಿದವನು ಬಂದು ಒಂದೊಂದನ್ನೂ ನೋಡಿ ಬರೆಯಲಿ. ಗಾಳಿಯಲ್ಲಿ ಎಷ್ಟು ದೂರಕ್ಕೆ ಕೇಳಿಸುತ್ತದೆ, ಕೆಂಪು ನೆಲದಲ್ಲಿ ಎಷ್ಟು, ಎರೆಭೂಮಿಯಲ್ಲಿ ಎಷ್ಟು ಎಂಬುದನ್ನೂ ಬರೆದಿಡಲಿ. ಮಾರುವವನು ಅಂಗಡಿಯ ಮೇಜಿನ ಮೇಲೆ ಉಂಗುರವಿಟ್ಟು ತೋರಿಸುವ ಆಟ ಈ ಪರೀಕ್ಷೆಯ ಮುಂದೆ ಎಷ್ಟು ನಿಲ್ಲುತ್ತದೆಂದು ಒಂದೇ ಮುಂಜಾನೆಯಲ್ಲಿ ಗೊತ್ತಾಗುತ್ತದೆ.

ಅದೇ ಹೊಲದಲ್ಲಿ ಯಂತ್ರ ಇನ್ನೂ ಏನೇನನ್ನು ಹೆಕ್ಕುತ್ತದೆಂಬುದೂ ಪಾಠವೇ. ಎತ್ತಿನ ಲಾಳದ ಮೊಳೆ, ಬಂಡಿಯ ಗಾಲಿಯ ಕಬ್ಬಿಣದ ಚೂರು, ಸವೆದ ನೇಗಿಲಿನ ಕುಳ, ಬೇಲಿಯ ಮುಳ್ಳುತಂತಿ, ಸೋಡಾ ಬಾಟಲಿಯ ಮುಚ್ಚಳ, ಗುಳಿಗೆ ಸುತ್ತಿದ ಬೇಗಡೆ. ಇದರಲ್ಲಿ ಬೇಗಡೆಯ ಚೂರು ದೊಡ್ಡ ತೊಡಕು, ಅದು ಯಂತ್ರಕ್ಕೆ ಸಣ್ಣ ಚಿನ್ನದ ತುಂಡಿನಂತೆಯೇ ಕೇಳಿಸುತ್ತದೆ. ಕಸವೆಂದು ಅದನ್ನು ತಳ್ಳುವಂತೆ ಯಂತ್ರವನ್ನು ಹೊಂದಿಸಿದರೆ ಸಣ್ಣ ಚಿನ್ನವೂ ತಳ್ಳಿಹೋಗುತ್ತದೆ. 'ಇದು ಚಿನ್ನ, ಇದು ತಾಮ್ರ' ಎಂದು ಪರದೆಯ ಮೇಲೆ ಖಚಿತವಾಗಿ ಬರೆದು ತೋರಿಸುವ ಯಂತ್ರ ಊಹಿಸುತ್ತಿದೆಯೇ ಹೊರತು ಕಾಣುತ್ತಿಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಲಕ್ಷ ಜನ ಮೌನವಾಗುತ್ತಾರೆ, ಒಂದೇ ಒಂದು ನುಡಿ ಹೊರಬೀಳುತ್ತದೆ. ರೈತ ಅದನ್ನು ಮಳೆಯೆಂದು ಅರ್ಥೈಸುತ್ತಾನೆ, ವ್ಯಾಪಾರಿ ಬೆಲೆಯೆಂದು, ರಾಜಕಾರಣಿ ಕುರ್ಚಿಯೆಂದು. ಲೋಹಶೋಧಕದ ಕೂಗೂ ಅಂಥದೇ ಏಕಾಕ್ಷರಿ. 'ಇಲ್ಲಿ ಏನೋ ಇದೆ' ಎಂಬುದಷ್ಟೇ ಅದರ ನುಡಿ. ಅದಕ್ಕೆ ಚಿನ್ನವೆಂಬ ಅರ್ಥ ಹಚ್ಚುವುದು ಕೇಳುವವನ ಆಸೆ. ವ್ಯತ್ಯಾಸವೆಂದರೆ, ಕಾರ್ಣಿಕ ಕೇಳಿದವರು ಮನೆಗೆ ಹೋಗಿ ಬಿತ್ತನೆಗೆ ಸಿದ್ಧರಾಗುತ್ತಾರೆ, ಯಂತ್ರದ ಕೂಗು ಕೇಳಿದವರು ಗುದ್ದಲಿ ಹಿಡಿಯುತ್ತಾರೆ.

ಮೂರನೆಯದಾಗಿ ಮಾರುವವನ ಮಾತು. ಮೇಲೆ ವಿವರಿಸಿದ ಯಂತ್ರಗಳು ಮಿತಿಯುಳ್ಳವಾದರೂ ಪ್ರಾಮಾಣಿಕ. ಅವುಗಳ ಪಕ್ಕದಲ್ಲಿಯೇ ಇನ್ನೊಂದು ಜಾತಿಯ ಸರಕು ಮಾರಾಟವಾಗುತ್ತದೆ. ಹಿಡಿಕೆಗೆ ಸಿಕ್ಕಿಸಿದ ತಿರುಗುವ ಆಂಟೆನಾ, ಎರಡು ದೀಪ, ಮೈಲುಗಟ್ಟಲೆ ದೂರದ ಚಿನ್ನದತ್ತ ತಾನೇ ತಿರುಗುತ್ತದೆಂಬ ಭರವಸೆ. ಭೌತವಿಜ್ಞಾನದಲ್ಲಿ ಇದಕ್ಕೆ ಯಾವ ಆಧಾರವೂ ಇಲ್ಲ. ಇದರ ಅಣ್ಣತಮ್ಮನಂಥ ಒಂದು ಸಾಧನ ಇರಾಕಿನಲ್ಲಿ ಬಾಂಬ್ ಪತ್ತೆಗೆಂದು ಮಾರಾಟವಾಗಿತ್ತು. 'ಎಡಿಇ 651' ಎಂಬ ಆ ಸಾಧನದ ಮೂಲ, ಗಾಲ್ಫ್ ಚೆಂಡು ಹುಡುಕುವ ಆಟಿಕೆಯೆಂದು ಅಮೆರಿಕದಲ್ಲಿ ಮಾರುತ್ತಿದ್ದ ಅಗ್ಗದ ಪ್ಲಾಸ್ಟಿಕ್ ಹಿಡಿಕೆ. ಅದನ್ನು ನಂಬಿ ತಪಾಸಣಾ ಕಟ್ಟೆಗಳಲ್ಲಿ ನಿಂತ ಜನರ ಪ್ರಾಣ ಪಣಕ್ಕೊಡ್ಡಿದ ತಯಾರಕ ಜೇಮ್ಸ್ ಮೆಕಾರ್ಮಿಕನಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷ ಸೆರೆವಾಸ ವಿಧಿಸಿತು. ಹತ್ತು ಕುಳಿಗಳ ಸರಳ ಪರೀಕ್ಷೆಯನ್ನು ಮೊದಲೇ ಮಾಡಿಸಿದ್ದರೆ ಆ ಮೋಸ ಅಂದೇ ಬಯಲಾಗುತ್ತಿತ್ತು. ಸೈನ್ಯಗಳೇ ಮೋಸಹೋದ ಮೇಲೆ ಸಾಲ ಮಾಡಿ ಹಣ ತಂದ ರೈತನನ್ನು ಜರಿಯುವುದು ತರವಲ್ಲ. ಮಾರುವವನನ್ನು ಪ್ರಶ್ನಿಸುವ ವ್ಯವಸ್ಥೆ ಎಲ್ಲಿದೆ ಎಂದು ಕೇಳುವುದು ತರ.

ಯಂತ್ರ ಸತ್ಯವಾದರೂ ಹುಡುಕಾಟ ಸಕ್ರಮವಾಗುವುದಿಲ್ಲ. ಗಣಿ ಮತ್ತು ಖನಿಜಗಳ 1957ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಖನಿಜ ಶೋಧ ನಡೆಸುವುದು ಅಪರಾಧ, ಅದಕ್ಕೆ ಐದು ವರ್ಷಗಳವರೆಗೆ ಸೆರೆವಾಸವುಂಟು. ಚಿನ್ನದ ಶೋಧ ಪರವಾನಗಿ ಕಂಪನಿಗಳಿಗೆ ಹರಾಜಿನಲ್ಲಿ ದೊರೆಯುವಂಥದು, ಹೆಗಲ ಮೇಲೆ ಯಂತ್ರ ಹೊತ್ತ ವ್ಯಕ್ತಿಗೆ ದೊರೆಯುವಂಥದಲ್ಲ. ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿಧಾಮ. ಚಿನ್ನದ ಗಣಿಗಾರಿಕೆಯ ಪ್ರಸ್ತಾಪದ ವಿರುದ್ಧ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಬೀದಿಗಿಳಿದು, ಅದರ ಔಷಧಿ ಸಸ್ಯಸಂಪತ್ತೇ ನಿಜವಾದ ಹೊನ್ನೆಂದು ಸಾರಿದ ಫಲವದು. ದೊಡ್ಡ ಕಂಪನಿಗೆ ಬೇಡವೆಂದ ಬೆಟ್ಟದಲ್ಲಿ ಸಣ್ಣ ಗುದ್ದಲಿಗೆ ಹಕ್ಕಿದೆಯೆಂದು ಯಾರೂ ವಾದಿಸಲಾರರು.

ಆದರೆ ಈ ಬರಹದ ಆತಂಕ ಹಣ ಕಳೆದುಕೊಳ್ಳುವವನ ಬಗ್ಗೆ ಮಾತ್ರವಲ್ಲ. ಗುಡ್ಡದಲ್ಲಿ ಉಂಡೆ ಸಿಗದೆ ಬೇಸತ್ತ ಯಂತ್ರ ಮುಂದೆ ಎಲ್ಲಿಗೆ ಹೋಗುತ್ತದೆ? ಪಾಳುಗುಡಿಗೆ. 1565ರ ಯುದ್ಧದ ತರುವಾಯ ವಿಜಯನಗರದ ಸಂಪತ್ತನ್ನು ನೂರಾರು ಆನೆಗಳ ಮೇಲೆ ಹೇರಿಕೊಂಡು ಹೋದರಂತೆ, ಹೋಗುವ ದಾರಿಯಲ್ಲಿ ಅಲ್ಲಲ್ಲಿ ಹೂತರಂತೆ ಎಂಬ ಕತೆ ಈ ಸೀಮೆಯ ಪ್ರತಿ ಊರಿನಲ್ಲಿಯೂ ಇದೆ. ಹಡಗಲಿಯ ಕಲ್ಲೇಶ್ವರ, ಹಿರೇಹಡಗಲಿ, ಮಾಗಳ, ಕುರುವತ್ತಿ ಹೀಗೆ ಈ ತಾಲ್ಲೂಕು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಕ್ಕೆ ಹೆಸರಾದ ಗುಡಿಗಳ ನಾಡು. ನದಿಯಾಚೆಯ ಲಕ್ಕುಂಡಿ ಅಂದು ಹೊನ್ನ ನಾಣ್ಯದ ಟಂಕಶಾಲೆಯಿದ್ದ ಊರು, ಲೊಕ್ಕಿ ಗದ್ಯಾಣ ಶಾಸನಗಳಲ್ಲಿ ಪ್ರಸಿದ್ಧ. ಕತೆಗೆ ಇಷ್ಟು ಆಧಾರ ಸಿಕ್ಕರೆ ಸಾಕು, ಲಿಂಗದ ಪೀಠ ಕಿತ್ತು, ನಂದಿಯನ್ನು ಉರುಳಿಸಿ, ಗರ್ಭಗುಡಿಯ ನೆಲ ಬಗೆಯುವವರಿದ್ದಾರೆ. 2019ರ ಜುಲೈಯಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದ್ದು ನಾಡಿಗೆಲ್ಲ ನೆನಪಿದೆ. ಭಕ್ತರು ಕೂಡಿ ಅದನ್ನು ಮತ್ತೆ ಕಟ್ಟಿದರು. ಹೆಸರಿಲ್ಲದ ಊರ ಹೊರಗಿನ ಗುಡಿಗೆ ಅಂಥ ಭಕ್ತರಿಲ್ಲ.

ಇಲ್ಲಿ ನಷ್ಟವಾಗುವುದು ಕಲ್ಲು ಮಾತ್ರವಲ್ಲ. ಹಿರೇಹಡಗಲಿಯಲ್ಲಿ ದೊರೆತ ತಾಮ್ರಪಟಗಳನ್ನು ನೆನೆಯಬೇಕು. ಪಲ್ಲವ ಅರಸ ಶಿವಸ್ಕಂದವರ್ಮನ ಆ ದಾನಶಾಸನ ಪ್ರಾಕೃತ ಭಾಷೆಯದು, ಸುಮಾರು ನಾಲ್ಕನೆಯ ಶತಮಾನದ್ದು. ಜಾರ್ಜ್ ಬ್ಯೂಲರ್ ಅದನ್ನು ಓದಿ 'ಎಪಿಗ್ರಾಫಿಯಾ ಇಂಡಿಕಾ'ದ ಮೊದಲ ಸಂಪುಟದಲ್ಲಿ ಪ್ರಕಟಿಸಿದ ಮೇಲೆ ಪಲ್ಲವರ ಆದಿಕಾಲದ ಚರಿತ್ರೆಗೆ ಅದೊಂದು ಮೂಲ ಆಕರವಾಯಿತು. ತಾಮ್ರ ಚಿನ್ನಕ್ಕಿಂತಲೂ ಚೆನ್ನಾಗಿ ವಿದ್ಯುತ್ತನ್ನು ಹರಿಸುವ ಲೋಹ, ಅಗಲವಾದ ತಗಡಾದರಂತೂ ಯಂತ್ರಕ್ಕೆ ಸುಲಭದ ಬೇಟೆ. ಅಂಥದೇ ಇನ್ನೊಂದು ಪಟ ಇಂದು ರಾತ್ರಿ ನಿಧಿಗಳ್ಳನ ಯಂತ್ರಕ್ಕೆ ಸಿಕ್ಕಿತೆನ್ನಿ. ಅವನ ಕಣ್ಣಿಗೆ ಅದು ಕಿಲೋ ಲೆಕ್ಕದ ಗುಜರಿ. ಕಾಳಸಂತೆಗೆ ಹೋದರೂ ಅದು ಯಾವ ಊರಿನದು, ಯಾವ ಪದರದಲ್ಲಿ, ಯಾವುದರ ಜೊತೆಗಿತ್ತು ಎಂಬ ಮಾತು ಅಳಿದುಹೋಗುತ್ತದೆ. ಚರಿತ್ರೆಗೆ ಬೇಕಾದುದು ಆ ಮಾತೇ ಹೊರತು ಲೋಹವಲ್ಲ.

ಈ ನಾಡಿನಲ್ಲಿ ಚಿನ್ನ ಹುಡುಕಲು ಹೊರಟವರು ಚಿನ್ನಕ್ಕಿಂತ ದೊಡ್ಡದನ್ನು ಕಂಡ ಉದಾಹರಣೆಗಳೂ ಇವೆ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಖನಿಜಗಳ ಹುಡುಕಾಟದಲ್ಲಿ ತಿರುಗುತ್ತಿದ್ದಾಗ ಬಂಡೆಯ ಮೇಲಿನ ಬರಹವನ್ನು ಗಮನಿಸಿದ. ಅಲ್ಲಿಯವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಕರೆಯಲ್ಪಡುತ್ತಿದ್ದ ದೊರೆ ಅಶೋಕನೇ ಎಂಬುದನ್ನು ಹೆಸರು ಸಹಿತ ದೃಢಪಡಿಸಿದ ಶಾಸನವದು. ಫೂಟ್ ಕೂಡ ಅದಿರು ಹುಡುಕುತ್ತಲೇ ಬಳ್ಳಾರಿಯ ಗುಡ್ಡಗಳಲ್ಲಿ ಶಿಲಾಯುಗದ ಮನುಷ್ಯನ ಆಯುಧಗಳನ್ನು ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ಅಡಿಪಾಯ ಹಾಕಿದರು. ಇವರು ಹಗಲಿನಲ್ಲಿ ನಡೆದರು, ಕಂಡುದನ್ನು ಬರೆದಿಟ್ಟರು, ಬಲ್ಲವರಿಗೆ ತಿಳಿಸಿದರು. ಹುಡುಕಾಟಕ್ಕೂ ಕಳ್ಳತನಕ್ಕೂ ಇರುವ ಅಂತರ ಇಷ್ಟೇ.

ಹಾಗಾದರೆ ಮಾಡಬೇಕಾದುದೇನು? ಇಂಗ್ಲೆಂಡಿನ ಮಾದರಿಯನ್ನು ಕೆಲವರು ಮುಂದಿಡುತ್ತಾರೆ. ಅಲ್ಲಿ 1996ರ ನಿಧಿ ಕಾಯ್ದೆ ಮತ್ತು ಮರುವರ್ಷ ಆರಂಭವಾದ ಪುರಾವಸ್ತು ದಾಖಲಾತಿ ಯೋಜನೆಯ ಮೂಲಕ ಲೋಹಶೋಧಕ ಹಿಡಿದ ಹವ್ಯಾಸಿಗಳನ್ನೇ ಚರಿತ್ರೆಯ ಸಹಾಯಕರನ್ನಾಗಿ ಮಾಡಿಕೊಂಡಿದ್ದಾರೆ. 2009ರಲ್ಲಿ ಸ್ಟಾಫರ್ಡ್‌ಷೈರಿನ ಹೊಲದಲ್ಲಿ ಒಬ್ಬ ಹವ್ಯಾಸಿಗೆ ಆಂಗ್ಲೋ ಸ್ಯಾಕ್ಸನ್ ಕಾಲದ ಹೊನ್ನಿನ ರಾಶಿ ಸಿಕ್ಕಾಗ ಅದನ್ನು ವಸ್ತುಸಂಗ್ರಹಾಲಯಗಳು ಕೊಂಡವು. ಬೆಲೆಯೆಂದು ನಿಗದಿಯಾದ ಸುಮಾರು 33 ಲಕ್ಷ ಪೌಂಡನ್ನು ಅವನೂ ಹೊಲದೊಡೆಯನೂ ಸಮನಾಗಿ ಹಂಚಿಕೊಂಡರು. ನಮ್ಮಲ್ಲಿ ಯಂತ್ರಕ್ಕೆ ಅಂಥ ಮುಕ್ತ ಅವಕಾಶ ಕೊಡುವುದು ಅಪಾಯ. ಗುಡಿಗಳು ಊರೂರಿನಲ್ಲಿ ಕಾವಲಿಲ್ಲದೆ ನಿಂತಿರುವ ನಾಡಿದು. ಆದರೆ ಆ ಮಾದರಿಯ ಒಂದು ಅಂಶವನ್ನು, ಅಂದರೆ ತಿಳಿಸಿದವನಿಗೆ ಗೌರವ ಮತ್ತು ನ್ಯಾಯವಾದ ಪಾಲು ಎಂಬುದನ್ನು, ಎರವಲು ತರಬಹುದು.

ಅದು ನಮಗೆ ಹೊಸದೂ ಅಲ್ಲ. 1878ರ ಭಾರತೀಯ ನಿಧಿ ಕಾಯ್ದೆಯು ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕವನು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ಜೊತೆಗೆ, ಒಡೆಯರಿಲ್ಲದ ನಿಧಿಯಲ್ಲಿ ಮುಕ್ಕಾಲು ಪಾಲನ್ನು ಕಂಡವನಿಗೂ ಕಾಲು ಪಾಲನ್ನು ನೆಲದ ಒಡೆಯನಿಗೂ ಹಂಚುವ ಔದಾರ್ಯವನ್ನೂ ತೋರಿತು. ಕರ್ನಾಟಕಕ್ಕೆ 1962ರದೇ ಪ್ರತ್ಯೇಕ ನಿಧಿ ಕಾಯ್ದೆಯಿದೆ. ಆದರೆ ಬಾವಿ ತೋಡುವಾಗ, ಮನೆಯ ಪಾಯ ಅಗೆಯುವಾಗ ಅಕಸ್ಮಾತ್ ಏನಾದರೂ ಸಿಕ್ಕ ಬಡವನಿಗೆ ಕಾಯ್ದೆ ತೋರುವುದು ಪೊಲೀಸ್ ಠಾಣೆಯ ರೂಪದಲ್ಲಿ. ತಿಳಿಸಿದರೆ ಹೊಲ ಹೋದೀತು, ಪಾಲು ಕೇಳಿದರೆ ಕೇಸು ಬಿದ್ದೀತು ಎಂಬ ಭಯದಿಂದ ಅವನು ವಸ್ತುವನ್ನು ಕರಗಿಸುತ್ತಾನೆ. ತಿಳಿಸಿದವನಿಗೆ ಸಲ್ಲಬೇಕಾದುದನ್ನು ಗೊತ್ತಾದ ಅವಧಿಯೊಳಗೆ, ಊರ ಮುಂದೆ, ಮರ್ಯಾದೆಯಿಂದ ಕೊಟ್ಟರೆ ಆ ಭಯ ಅಳಿಯುತ್ತದೆ. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಈ ಕಾಯ್ದೆಯ ನಾಲ್ಕು ಸಾಲು ಕನ್ನಡದಲ್ಲಿ ಬರೆಸುವುದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಯಂತ್ರಗಳ ಮಾರಾಟಕ್ಕೂ ಒಂದು ಶಿಸ್ತು ಬೇಕು. ಬಾಂಬ್ ಪತ್ತೆಗೆ, ಕಾರ್ಖಾನೆಗೆ, ಕೊಳವೆಮಾರ್ಗ ಹುಡುಕಲು ಲೋಹಶೋಧಕ ಅಗತ್ಯ. ಅದನ್ನು ನಿಷೇಧಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ 'ನಿಧಿ ಶೋಧಕ', 'ದೂರದ ಚಿನ್ನ ಪತ್ತೆ' ಎಂದು ಜಾಹೀರಾತು ಕೊಟ್ಟು ಮಾರುವವನು ತನ್ನ ಸರಕಿನ ಆಳ ಮತ್ತು ಮಿತಿಯನ್ನು ಪರೀಕ್ಷೆಯಿಂದ ರುಜುವಾತು ಮಾಡಬೇಕೆಂದು ಕೇಳುವ ಅಧಿಕಾರ ಗ್ರಾಹಕ ಸಂರಕ್ಷಣಾ ವ್ಯವಸ್ಥೆಗೆ ಇದ್ದೇ ಇದೆ. ನಮ್ಮ ಕಾಲೇಜುಗಳ ಭೂವಿಜ್ಞಾನ ಮತ್ತು ಭೌತವಿಜ್ಞಾನ ವಿಭಾಗಗಳು ಹತ್ತು ಕುಳಿಗಳ ಆ ಪರೀಕ್ಷೆಯನ್ನು ಊರ ಜನರ ಎದುರಿನಲ್ಲಿ ಒಮ್ಮೆ ಮಾಡಿ ತೋರಿಸಲಿ. ಉಪನ್ಯಾಸಕ್ಕಿಂತ ಅದು ಹೆಚ್ಚು ಜನರನ್ನು ತಲುಪುತ್ತದೆ. ಒಬ್ಬ ವಿದ್ಯಾರ್ಥಿ ಹಳ್ಳದ ಮರಳನ್ನು ತಟ್ಟೆಯಲ್ಲಿ ತೊಳೆದು, ಕಪ್ಪು ಮರಳಿನ ನಡುವೆ ಹುಡಿಯಷ್ಟು ಮಿನುಗನ್ನು ತೋರಿಸಿದರೆ, ಅನುಮತಿ ಪಡೆದ ಆ ಪಾಠದಲ್ಲಿ ಜಲಗಾರರ ಮರೆತುಹೋದ ವಿದ್ಯೆಯೂ ಒಂದಷ್ಟು ಉಳಿದೀತು.

ನೆಲದ ಒಡಲಲ್ಲಿ ಚಿನ್ನವಿರುವುದೂ ನಿಜ, ಅದನ್ನು ಬಯಸುವುದು ಮನುಷ್ಯಸಹಜ ಎಂಬುದೂ ನಿಜ. ಆದರೆ ಹಡಗಲಿಯ ರೈತನಿಗೆ ಈ ನೆಲ ವರ್ಷವರ್ಷವೂ ತಪ್ಪದೆ ಕೊಟ್ಟದ್ದು ಜೋಳ, ಶೇಂಗಾ, ಮಲ್ಲಿಗೆ. ಬೆಳಗಿನ ಜಾವ ಬಿಡಿಸಿದ ಮೊಗ್ಗಿಗೆ ಸಂಜೆಯೊಳಗೆ ನ್ಯಾಯವಾದ ಬೆಲೆ ಸಿಗುವಂತೆ ಮಾಡಿದರೆ, ಹನಿ ನೀರಾವರಿಗೂ ಶೈತ್ಯಾಗಾರಕ್ಕೂ ಹಣ ಒದಗಿಸಿದರೆ, ರಾತ್ರಿಯಲ್ಲಿ ಯಂತ್ರ ಹೊತ್ತು ಪಾಳುಗುಡಿಗೆ ನಡೆಯುವ ಕಾಲುಗಳು ತಾವಾಗಿಯೇ ಕಡಿಮೆಯಾಗುತ್ತವೆ. ನಿಧಿಯ ಕನಸು ಬೆಳೆಯುವುದು ದುಡಿಮೆಗೆ ಬೆಲೆಯಿಲ್ಲದ ಕಡೆಯಲ್ಲಿ. ಆ ಬೆಲೆಯನ್ನು ಕೊಡುವ ಹೊಣೆ ಸರ್ಕಾರದ್ದು, ಅದನ್ನು ಕೇಳುವ ಹೊಣೆ ನಮ್ಮೆಲ್ಲರದು.